ಅಕ್ಕನ ಹೆಸರಿನ ಕುರ್ಚಿ, ತಮ್ಮನ ಹೆಸರಿನ ದಬರಿ

ನಮ್ಮ ಸೋದರಮಾವ ಆ ಕತೆಯನ್ನು ಹೇಳುವುದು ಮದುವೆ ಮನೆಗಳಲ್ಲಿ, ಪಂಕ್ತಿ ಎದ್ದು, ಎಲೆ ಅಡಿಕೆ ಹಂಚುವ ಹೊತ್ತಿಗೆ. "ಕೋರ್ಟಿಂದ ಅಮೀನ ಬಂದ. ಸಾಮಾನೆಲ್ಲ ಜಪ್ತಿ ಅಂದ. ನಾನು ಒಂದೇ ಮಾತು ಹೇಳ್ದೆ. ಸ್ವಾಮಿ, ಇಲ್ಲಿರೋದ್ರಲ್ಲಿ ಒಂದು ಗೂಟಾನೂ ನಂದಲ್ಲ, ಎಲ್ಲಾ ನಮ್ಮಕ್ಕಂದು ಅಂದೆ. ಅವನ ಮುಖ ನೋಡ್ಬೇಕಿತ್ತು! ಆಮೇಲೆ ನಮ್ಮಕ್ಕ ಕೋರ್ಟಲ್ಲಿ ಸಿಂಹಿಣಿ ಥರ ನಿಂತ್ಲು. ಅಂಗಡಿ ಉಳೀತು." ಕೇಳುವವರು ತಲೆದೂಗುತ್ತಾರೆ. ಹೆಂಗಸರು ಒಲೆಯ ಕಡೆ ತಿರುಗಿ ನಮ್ಮಮ್ಮನನ್ನು ಹುಡುಕುತ್ತಾರೆ. "ಒಡಹುಟ್ಟಿದೋರು ಅಂದ್ರೆ ಹಿಂಗಿರಬೇಕು ಕಣಮ್ಮ" ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ಈ ಕತೆಗೆ ನನ್ನ ತಕರಾರಿದೆ. ಅಮೀನರ ಮುಖವನ್ನು ನಾನು ನೋಡಿದ್ದೇನೆ. ಅದರಲ್ಲಿ ಬೇಸರ ಬಿಟ್ಟು ಬೇರೇನೂ ಇರಲಿಲ್ಲ. ಅವರು ಹೆದರಿ ವಾಪಸು ಹೋಗಲೂ ಇಲ್ಲ, ಲಾರಿ ತುಂಬಿಸಿಕೊಂಡು ಹೋದರು. ಇನ್ನು ಸಿಂಹಿಣಿ. ನಮ್ಮಮ್ಮ ಸಾಕ್ಷಿಕಟ್ಟೆಯಲ್ಲಿ ಕಟಕಟೆಯನ್ನು ಎರಡೂ ಕೈಯಿಂದ ಹಿಡಿದು, ನೂಕುನುಗ್ಗಲಿನ ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ ನಿಂತಿದ್ದಳು. ಅಂಗಡಿ ಉಳಿಯಿತು ಅನ್ನುವುದೊಂದು ನಿಜ. ಏನು ಹೋಗಿದ್ದರಿಂದ ಉಳಿಯಿತು ಅನ್ನುವುದಕ್ಕೆ ಮಾವನ ಕತೆಯಲ್ಲಿ ಜಾಗವಿಲ್ಲ. ಕಾಲೇಜಿನ ಉದ್ದಕ್ಕೂ ಚರ್ಚಾಸ್ಪರ್ಧೆಗೆ ಓಡಾಡಿದವಳು ನಾನು. ಎದುರಿನವರು ಹೇಳಿದ್ದಕ್ಕಿಂತ ಅವರು ಬಿಟ್ಟದ್ದು ಏನು ಅಂತ ನೋಡುವ ಚಟ ಅಲ್ಲಿಂದ ಅಂಟಿದೆ, ಮದುವೆ ಮನೆಯಲ್ಲೂ ಬಿಡುವುದಿಲ್ಲ.

ಮಾವನದು ಚಿಕ್ಕಬಳ್ಳಾಪುರದಲ್ಲಿ ಶಾಮಿಯಾನ ಅಂಗಡಿ. ಕುರ್ಚಿ, ಮೇಜು, ಜಮಖಾನೆ, ಬಟ್ಟೆಯ ಚಪ್ಪರ, ಕಬ್ಬಿಣದ ಕಂಬ, ಒಂದು ಜನರೇಟರು, ವಧೂವರರು ಕೂರುವ ಚಿನ್ನದ ಬಣ್ಣದ ಸೋಫಾ. ನಾವಿರುವುದು ಗೌರಿಬಿದನೂರಿನಲ್ಲಿ, ಬಾಡಿಗೆ ಮನೆಯಲ್ಲಿ. ಅಮ್ಮನದು ಅಡುಗೆ ಕೆಲಸ. ಮನೆ ಅಡುಗೆಯಲ್ಲ, ಮದುವೆ, ನಾಮಕರಣ, ತಿಥಿ, ಗೃಹಪ್ರವೇಶ, ಕುಡುಮಲಕುಂಟೆಯ ಕಾರ್ಖಾನೆಗಳಲ್ಲಿ ಆಯುಧಪೂಜೆಯ ಊಟ. ಅವಳ ಮುದ್ದೆ ಬಸ್ಸಾರಿಗೆ ತೊಂಡೇಬಾವಿಯಿಂದ ಮುದ್ದೇನಹಳ್ಳಿಯವರೆಗೆ ಗಿರಾಕಿಗಳಿದ್ದಾರೆ. ಹೊಟ್ಟೆಬಾಕ ಬೀಗರ ನಡುವೆ ಅವಳಿಗಿರುವ ಹೆಸರು ನಾನು ಚರ್ಚೆಯಲ್ಲಿ ಗೆದ್ದ ಕಪ್ಪುಗಳಿಗೆಲ್ಲ ಸೇರಿ ಬಂದಿಲ್ಲ.

ಅಡುಗೆಗೆ ಬೇಕಾದ ದೊಡ್ಡ ಪಾತ್ರೆಗಳನ್ನು ಅವಳು ವರ್ಷಕ್ಕೆ ಒಂದೋ ಎರಡೋ ಹೀಗೆ ಕೂಡಿಸಿಕೊಂಡಿದ್ದಳು. ಮುದ್ದೆ ತಿರುವುವ ದಪ್ಪ ತಳದ ದಬರಿಗಳು, ಸಾರಿನ ಕೊಳದಪ್ಪಲೆಗಳು, ಬಾಣಲೆ, ಅನ್ನ ಬಸಿಯುವ ಬುಟ್ಟಿ, ಗ್ರೈಂಡರು. ಚೀಟಿ ಎತ್ತಿದ ವರ್ಷ ಒಂದು ದೊಡ್ಡದು, ಎತ್ತದ ವರ್ಷ ಒಂದು ಸಣ್ಣದು. ಬಿಲ್ಲು ಬೇಡ ಅಂದರೆ ಅಂಗಡಿಯವನು ಒಂದಿಷ್ಟು ಕಡಿಮೆ ಮಾಡಿಕೊಡುತ್ತಾನೆ, ಆದ್ದರಿಂದ ಒಂದಕ್ಕೂ ಬಿಲ್ಲಿಲ್ಲ. ನಮ್ಮ ಮನೆಯಲ್ಲಿ ಮಲಗುವವರಿಗೇ ಜಾಗವಿಲ್ಲ, ದಬರಿಗೆಲ್ಲಿ? ಹಾಗಾಗಿ ಅವು ಮಾವನ ಗೋಡೌನಿನಲ್ಲಿದ್ದವು. ಮಾವನಿಗೆ ಚಪ್ಪರದ ಆರ್ಡರು ಬಂದರೆ "ಅಡುಗೆಗೆ ನಮ್ಮಕ್ಕ ಇದ್ದಾಳೆ" ಅನ್ನುತ್ತಿದ್ದರು. ಅಮ್ಮನಿಗೆ ಅಡುಗೆಯ ಆರ್ಡರು ಬಂದರೆ "ಚಪ್ಪರಕ್ಕೆ ನನ್ನ ತಮ್ಮ ಇದ್ದಾನೆ" ಅನ್ನುತ್ತಿದ್ದಳು. ಪಾತ್ರೆ, ಕುರ್ಚಿ, ಅಮ್ಮ, ಮೂರೂ ಒಂದೇ ಟೆಂಪೋದಲ್ಲಿ ಬರುತ್ತಿದ್ದವು.

ಈ ವ್ಯಾಪಾರದಲ್ಲಿ ಒಂದು ಪದ್ಧತಿ ಇದೆ. ಒಳ್ಳೆಯ ಲಗ್ನವಿರುವ ದಿನ ಯಾವ ಶಾಮಿಯಾನ ಅಂಗಡಿಯವರಿಗೂ ಅವರ ಕುರ್ಚಿ ಸಾಲುವುದಿಲ್ಲ. ಚಿಕ್ಕಬಳ್ಳಾಪುರದವರು ಶಿಡ್ಲಘಟ್ಟದವರಿಂದ ತರುತ್ತಾರೆ, ಅವರು ಚಿಂತಾಮಣಿಯವರಿಂದ. ಸಾಮಾನು ಬೆರೆತು ಹೋಗದಿರಲೆಂದು ಪ್ರತಿಯೊಂದರ ಮೇಲೂ ಅಂಗಡಿಯ ಎರಡಕ್ಷರ ಇರುತ್ತದೆ. ಕುರ್ಚಿಯ ಬೆನ್ನಿಗೆ ಬಣ್ಣದಲ್ಲಿ ಬರೆಸುತ್ತಾರೆ. ಪಾತ್ರೆ ಒಲೆಗೆ ಏರುವಂಥದ್ದು, ಬಣ್ಣ ನಿಲ್ಲುವುದಿಲ್ಲ. ಅದಕ್ಕೆ ಮಿಷನ್ನಿನಲ್ಲಿ ಕೊರೆಸುತ್ತಾರೆ. ಛತ್ರದಲ್ಲಿ ಪಾತ್ರೆ ತೊಳೆಯುವ ಹೆಂಗಸರು ಅಕ್ಷರ ನೋಡಿ ಬೇರೆ ಬೇರೆ ರಾಶಿ ಹಾಕುತ್ತಾರೆ. ಅಮ್ಮನ ಪಾತ್ರೆ ಹೋಗಬೇಕಾದದ್ದು ಮಾವನ ಟೆಂಪೋಗೆ. ಆದ್ದರಿಂದ ಅವಳ ಒಂದೊಂದು ದಬರಿಯ ಕಂಠಕ್ಕೂ ಮಾವನ ಎರಡಕ್ಷರ ಕೊರೆದಿತ್ತು. ಕೊರೆಸಿದವಳು ಅಮ್ಮನೇ, ಕೂಲಿ ಕೊಟ್ಟವಳೂ ಅವಳೇ. "ಯಾರ ಅಕ್ಷರ ಇದ್ರೇನೇ, ಸಾರು ನಾನೇ ತಾನೇ ಮಾಡೋದು" ಅನ್ನುತ್ತಿದ್ದಳು.

ಸಾಲದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಅದು ಎಲ್ಲ ಸಾಲದ ಹಾಗೇ ಇದೆ. ಚಿಂತಾಮಣಿಯ ಶಾಮಿಯಾನ ಸಾಮಾನಿನ ವ್ಯಾಪಾರಿಯೊಬ್ಬರಿಂದ ಮಾವ ಚಪ್ಪರದ ಬಟ್ಟೆ, ಝಾಲರು, ಆ ಚಿನ್ನದ ಬಣ್ಣದ ಸೋಫಾ ಎಲ್ಲ ಉದ್ದರಿಗೆ ತಂದರು. ಕೊರೊನಾ ಬಂತು, ಮದುವೆಗಳು ನಿಂತವು. ಕೊರೊನಾ ಹೋಯಿತು, ಮದುವೆಗಳು ವಾಪಸು ಬಂದವು, ಕೊಡುವ ಮನಸ್ಸು ಮಾತ್ರ ಬರಲಿಲ್ಲ. ವ್ಯಾಪಾರಿ ಕೋರ್ಟಿಗೆ ಹೋದರು. ನೋಟಿಸು ಬಂದಾಗ ಮಾವ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದರು, ದೇವರೇ ನೋಡಿಕೊಳ್ಳಲಿ ಎಂದು. ದೇವರು ಹಾಜರಾಗದ ಕಾರಣ ಡಿಕ್ರಿ ವ್ಯಾಪಾರಿಯ ಪರ ಆಯಿತು. ಇನ್ನು ಜಪ್ತಿ ಬರುತ್ತದೆ ಎಂದು ಯಾರೋ ಹೇಳಿದ ಮೇಲೆ ಮಾವನಿಗೆ ಬುದ್ಧಿ ಓಡಿತು. ಪೇಂಟರನ್ನು ಕರೆಸಿದರು. ಅಂಗಡಿಯ ಕುರ್ಚಿ, ಮೇಜು, ಕಂಬ, ಜನರೇಟರು, ಸೋಫಾದ ಬೆನ್ನು, ಎಲ್ಲದರ ಮೇಲೂ ತಮ್ಮ ಅಕ್ಷರ ಅಳಿಸಿ ನಮ್ಮಮ್ಮನ ಹೆಸರಿನ ಅಕ್ಷರವನ್ನು ಕೆಂಪು ಬಣ್ಣದಲ್ಲಿ ಬರೆಸಿದರು. ಎರವಲು ತಂದಿದ್ದ ಶಿಡ್ಲಘಟ್ಟದ ಕುರ್ಚಿಗಳ ಮೇಲೂ ಪೇಂಟರು ಉತ್ಸಾಹದಲ್ಲಿ ಬರೆದುಬಿಟ್ಟ. ಪಾತ್ರೆಗಳನ್ನು ಮಾತ್ರ ಮುಟ್ಟಲಿಲ್ಲ. ಕೊರೆದದ್ದು ಅಳಿಸುವುದಿಲ್ಲವಲ್ಲ.

ಈಗ ಪರಿಸ್ಥಿತಿ ನೋಡಿ. ತಮ್ಮನ ಸಾಮಾನಿನ ಮೇಲೆಲ್ಲ ಅಕ್ಕನ ಹೆಸರು, ಅಕ್ಕನ ಸಾಮಾನಿನ ಮೇಲೆಲ್ಲ ತಮ್ಮನ ಹೆಸರು. ಎರಡು ಮನೆಯ ಪ್ರೀತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಕೋರ್ಟಿಗೆ ಬೇಕಿತ್ತು.

ಅಮೀನರು ಬಂದ ದಿನ ನಾನೂ ಅಮ್ಮನೂ ಅಲ್ಲೇ ಇದ್ದೆವು. ಆಯುಧಪೂಜೆ ಹತ್ತಿರವಾಗಿತ್ತು, ಕುಡುಮಲಕುಂಟೆಗೆ ಪಾತ್ರೆ ಸಾಗಿಸಲು ಬಂದಿದ್ದೆವು. ಅಮೀನರು ಜೊತೆಗೆ ಇಬ್ಬರು ಕೂಲಿಗಳನ್ನೂ ಚಿಂತಾಮಣಿಯ ವ್ಯಾಪಾರಿಯನ್ನೂ ಕರೆದುಕೊಂಡು ಬಂದಿದ್ದರು. ವಾರಂಟು ಓದಿ ಹೇಳಿದರು. ಮಾವ ತಮ್ಮ ಪ್ರಸಿದ್ಧ ಮಾತನ್ನು ಹೇಳಿದರು: ಎಲ್ಲಾ ನಮ್ಮಕ್ಕಂದು.

ಅಮೀನರು ಒಂದು ಕುರ್ಚಿಯನ್ನು ತಿರುಗಿಸಿ ನೋಡಿದರು. ಬೆರಳಿಗೆ ಕೆಂಪು ಹತ್ತಿತು. ಅದನ್ನು ಕಂಬಕ್ಕೆ ಒರೆಸಲು ಹೋದರು. ಕಂಬದ ಮೇಲಿನ ಕೆಂಪೂ ಹತ್ತಿತು.

"ನಿಮ್ಮಕ್ಕ ಯಾವಾಗ ತಗೊಂಡ್ರಪ್ಪ ಇದನ್ನೆಲ್ಲ? ಇವತ್ತು ಬೆಳಿಗ್ಗೇನಾ?"

"ಬಣ್ಣ ಹೊಸದು ಸಾರ್, ಸಾಮಾನು ಹಳೇದು."

"ಸರಿ. ಯಾರದು ಅನ್ನೋದನ್ನ ನಾನು ತೀರ್ಮಾನ ಮಾಡಂಗಿಲ್ಲ. ಅವರದ್ದೇ ಆಗಿದ್ರೆ ಅವರು ಕೋರ್ಟಲ್ಲಿ ತಕರಾರು ಅರ್ಜಿ ಹಾಕ್ಕೊಳ್ಳಲಿ. ನಿಮ್ಮ ಅಂಗಡೀಲಿದೆ, ನಾನು ತಗೊಂಡು ಹೋಗ್ತೀನಿ. ಆ ಪಾತ್ರೆಗಳನ್ನೂ ಹಾಕ್ರೋ."

ಅಮ್ಮ ಮುಂದೆ ಬಂದಳು. "ಸ್ವಾಮಿ, ಪಾತ್ರೆ ನಂದು. ನಿಜವಾಗ್ಲೂ ನಂದು."

ಈ 'ನಿಜವಾಗ್ಲೂ' ಕೇಳಿ ಅಮೀನರು ಮಾವನ ಕಡೆ ನೋಡಿದರು. ಮಾವ ತಮ್ಮ ಕಾನೂನಿನ ಜ್ಞಾನ ಹೊರತೆಗೆದರು: "ಅಡುಗೆ ಪಾತ್ರೆ ಜಪ್ತಿ ಮಾಡಂಗಿಲ್ಲ ಸಾರ್. ಕಾನೂನಲ್ಲೇ ಇದೆ."

"ಮನೆ ಅಡುಗೆ ಪಾತ್ರೆ ಮುಟ್ಟಂಗಿಲ್ಲ, ಹೌದು. ಈ ದಬರೀಲಿ ನಾನೇ ಸ್ನಾನ ಮಾಡ್ಬೋದು. ನಿಮ್ಮನೇಲಿ ಊಟಕ್ಕೆ ಎಷ್ಟು ಜನ?"

ವ್ಯಾಪಾರಿ ಅಮ್ಮನ ಹತ್ತಿರ ಬಂದು, ಪಾಪ, ತೆಲುಗು ಬೆರೆತ ಕನ್ನಡದಲ್ಲಿ, ಸಮಾಧಾನದ ಧಾಟಿಯಲ್ಲೇ ಹೇಳಿದರು: "ಚೂಡಮ್ಮಾ, ನಂಗೆ ಕುರ್ಚಿ ಬೇಡ, ದಬರಿ ಬೇಡ. ನನ್ನ ದುಡ್ಡು ಬಂದ್ರೆ ಚಾಲು, ಅಷ್ಟೇ ಸಾಕು. ನಿನ್ನ ತಮ್ಮನಿಗೆ ಹೇಳು." ತಮ್ಮ ಅಷ್ಟರಲ್ಲಿ ಫೋನು ಹಿಡಿದು ವಕೀಲರ ಜೊತೆ ಮಾತಾಡುತ್ತಾ ಬೀದಿಗೆ ಇಳಿದಿದ್ದರು.

ಆ ವರ್ಷದ ಆಯುಧಪೂಜೆಗೆ ಅಮ್ಮ ಎಲ್ಲೆಲ್ಲೋ ಕೇಳಿ ಬಾಡಿಗೆ ಪಾತ್ರೆ ತಂದು ಅಡುಗೆ ಮಾಡಿದಳು. ತೆಳು ತಳ. ಮುದ್ದೆ ಸೀದುಹೋಯಿತು. ಕಾರ್ಖಾನೆಯ ಮೇಸ್ತ್ರಿ ಒಬ್ಬ ಮೂಗಿನ ಹತ್ತಿರ ಹಿಡಿದು ನೋಡಿ, "ಏನಮ್ಮ, ಹೋಮ ಇಲ್ಲೇ ಮಾಡಿದ್ರಾ?" ಅಂದ. ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ಮುಂದಿನ ವರ್ಷದ ಮಾತು ಯಾರೂ ಎತ್ತಲಿಲ್ಲ. ಮುಂದಿನ ಲಗ್ನಗಳೊಳಗೆ ದಬರಿ ವಾಪಸು ಬಾರದಿದ್ದರೆ ಅವಳ ಹೆಸರು, ಆಮೇಲೆ ಕೆಲಸ, ಅದೇ ಸಾಲಿನಲ್ಲಿ ಹೋಗುತ್ತವೆ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಕಾನೂನು ಅಮ್ಮನಂಥವರಿಗೆಂದೇ ಒಂದು ಬಾಗಿಲು ಇಟ್ಟಿದೆ. ಸಾಲಗಾರನದೆಂದು ಜಪ್ತಿಯಾದ ವಸ್ತು ಅವನದಲ್ಲ, ನನ್ನದು ಎಂದು ಮೂರನೆಯವರು ಬಂದು ಹೇಳಬಹುದು. ಕೋರ್ಟು ಸಾಕ್ಷಿ ಕೇಳಿ ತೀರ್ಮಾನಿಸಬೇಕು. ಒಳ್ಳೆಯ ಬಾಗಿಲು. ತೊಂದರೆ ಏನೆಂದರೆ, ಅದರ ಮುಂದೆ ಅಮ್ಮನಂಥವರಿಗಿಂತ ಮೊದಲು ಸಾಲಗಾರರ ಹೆಂಡತಿಯರು, ಭಾವಮೈದುನರು, ಷಡ್ಡಕರು ಸಾಲು ನಿಂತಿರುತ್ತಾರೆ. ಊರಿನಲ್ಲಿ ಡಿಕ್ರಿಯಾದ ಯಾರ ಮನೆಯಲ್ಲೂ ಅವರದ್ದೆನ್ನುವ ಒಂದು ಚಮಚವೂ ಸಿಗುವುದಿಲ್ಲ. ಎಲ್ಲರೂ ಮೂರನೆಯವರ ಮನೆಯಲ್ಲಿ ಅತಿಥಿಗಳಾಗಿ ಬಾಳುವ ಸನ್ಯಾಸಿಗಳು. ಇಂಥ ಅರ್ಜಿ ನೋಡಿ ನೋಡಿ ನ್ಯಾಯಾಧೀಶರಿಗೂ ಸಾಕಾಗಿರುತ್ತದೆ.

ಅಮ್ಮನಿಗೆ ವಕೀಲರನ್ನು ಗೊತ್ತುಮಾಡಿದ್ದು ಮಾವನೇ. ಮಾವನ ವಕೀಲರೇ ಅಮ್ಮನಿಗೂ ಹಾಜರಾದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಅವರ ಜೂನಿಯರು ಹಾಜರಾದರು. ಒಂದೇ ಆಫೀಸು, ಒಂದೇ ಮೇಜು, ಒಂದೇ ಫ್ಯಾನು. ಅರ್ಜಿ ತಯಾರಾದ ಮೇಲೆ ಅಮ್ಮ ಸಹಿ ಹಾಕಿದಳು, ನಾನು ಓದಿದೆ. ಪಾತ್ರೆ ಮಾತ್ರವಲ್ಲ, ಕುರ್ಚಿ, ಕಂಬ, ಜನರೇಟರು, ಸೋಫಾ, ಎಲ್ಲವೂ ಅರ್ಜಿದಾರಳ ಸ್ವಂತ ದುಡಿಮೆಯದು ಎಂದು ಬರೆದಿತ್ತು. ಅಂಗಡಿಯ ಮುಂದಿನ ಮರವೊಂದನ್ನು ಬಿಟ್ಟಿದ್ದರು.

"ಮಾವ, ಅಮ್ಮಂದು ಪಾತ್ರೆ ಅಷ್ಟೇ. ಕುರ್ಚಿ ಯಾಕೆ ಸೇರಿಸಿದ್ರಿ?"

"ಪಾತ್ರೆ ಒಂದೇ ಕೇಳಿದ್ರೆ ಅನುಮಾನ ಬರುತ್ತಮ್ಮ. ಎಲ್ಲಾ ಕೇಳಿದ್ರೆ ಓಹೋ, ಇವರದ್ದೇ ಇರ್ಬೇಕು ಅನ್ಸುತ್ತೆ."

"ಯಾರಿಗೆ ಅನ್ಸುತ್ತೆ? ಕುರ್ಚಿ ಸುಳ್ಳು ಅಂತ ಗೊತ್ತಾದ್ರೆ ದಬರೀನೂ ಸುಳ್ಳು ಅಂತಾರೆ. ನಿಜದ ಜೊತೆ ಸುಳ್ಳನ್ನ ಒಂದೇ ಅರ್ಜೀಲಿ ಕೂರಿಸಿದ್ರೆ ನಿಜದ ಮುಖಾನೂ ಕಪ್ಪಾಗುತ್ತೆ ಮಾವ."

"ನೋಡಕ್ಕ ನೋಡು! ಇವಳಿಗೆ ಕಪ್ ಕೊಟ್ಟು ಕೊಟ್ಟು ಕೆಡಿಸಿಬಿಟ್ಟವ್ರೆ. ಏನಮ್ಮ ಲಾಯರಮ್ಮ, ನಿಮ್ಮ ಕಾಲೇಜಲ್ಲಿ ಗಂಟೆ ಹೊಡೆದ್ರೆ ಮಾತು ನಿಲ್ಲಿಸ್ತಿದ್ಯಂತೆ. ಇಲ್ಲಿ ಗಂಟೆ ತಂದಿಡ್ಲಾ?"

ಜೂನಿಯರು ನಕ್ಕರು. ಅಮ್ಮ ನನ್ನ ತೊಡೆ ಚಿವುಟಿದಳು. ಹೊರಗೆ ಬಂದ ಮೇಲೆ, "ಸುಮ್ನಿರೇ ನೀನು. ಕುರ್ಚಿ ಹೋದ್ರೆ ಅವನ ಮನೆ ನಡೆಯೋದೆಂಗೆ?" ಅಂದಳು.

"ದಬರಿ ಹೋದ್ರೆ ನಿನ್ನ ಕೆಲಸ ನಡೆಯೋದೆಂಗೆ?"

"ಎರಡೂ ಬರುತ್ತೆ ಬಿಡು."

ಅಪ್ಪನನ್ನು ಕೇಳಿದರೆ, "ಅದು ನಿಮ್ಮಮ್ಮನ ತವರಿನ ವಿಷಯ" ಎಂದು ಪೇಪರು ತಿರುಗಿಸಿದರು. ಅವರು ಮದುವೆಯಾದಂದಿನಿಂದ ಹಿಡಿದುಕೊಂಡು ಬಂದ ನಿಲುವು ಅದು, ಈಗ ಬದಲಾಯಿಸಲು ಕಾರಣ ಕಾಣಲಿಲ್ಲ.

ವಿಚಾರಣೆಯ ದಿನ ಗೌರಿಬಿದನೂರಿನಿಂದ ಬಸ್ಸಿನಲ್ಲಿ ಹೊರಟೆವು. ಮಂಚೇನಹಳ್ಳಿ ದಾಟುವವರೆಗೆ ನಾನು ಅಮ್ಮನಿಗೆ ಪಾಠ ಹೇಳಿಕೊಡುತ್ತಿದ್ದೆ. "ಅರ್ಜೀಲಿ ಏನಾದ್ರೂ ಬರ್ದಿರ್ಲಿ. ಕುರ್ಚಿ ಯಾರದು ಅಂತ ಕೇಳಿದ್ರೆ ತಮ್ಮಂದು ಅನ್ನು. ವಕೀಲರು ಸೇರಿಸಿದ್ರು, ನಂಗೆ ಓದಕ್ಕೆ ಬಿಡುವಿರ್ಲಿಲ್ಲ ಅನ್ನು. ದಬರಿ ನಂದು ಅನ್ನು. ಅಷ್ಟು ಅಂದ್ರೆ ಜಡ್ಜು ನಂಬ್ತಾರೆ." ಅಮ್ಮ "ಹೂಂ" ಅಂದಳು. ನಮ್ಮಮ್ಮನ 'ಹೂಂ'ಗೆ ಹೌದು ಎಂಬ ಅರ್ಥವಿದೆ, ಬಾಯಿ ಮುಚ್ಚು ಎಂಬ ಅರ್ಥವೂ ಇದೆ.

ಕೋರ್ಟಿನ ಪಡಸಾಲೆಯಲ್ಲಿ ಶಿಡ್ಲಘಟ್ಟದ ಶಾಮಿಯಾನ ಅಂಗಡಿಯ ಸಾಹೇಬರು ಕೂತಿದ್ದರು. ಅವರದೂ ಒಂದು ತಕರಾರು ಅರ್ಜಿ ಇತ್ತು: ಮಾವ ಎರವಲು ತಂದಿದ್ದ ಅವರ ಜಮಖಾನೆಗಳು, ಕೆಂಪು ಬಣ್ಣದ ಕೆಳಗೆ ಹಸಿರು ಅಕ್ಷರವಿದ್ದ ಅವರ ಕುರ್ಚಿಗಳು. ಅಮ್ಮನನ್ನು ನೋಡಿ ಎದ್ದು ನಿಂತರು.

"ಕೂತ್ಕೊಳ್ಳಿ ಆಪಾ. ಕುರ್ಚಿ ಸರ್ಕಾರದ್ದು, ಇದರ ಮೇಲೆ ಯಾರ ಹೆಸರೂ ಇಲ್ಲ."

ಅಮ್ಮ ನಕ್ಕಳು. "ನಿಮ್ಮ ಕುರ್ಚಿ ಮೇಲೂ ನನ್ನ ಹೆಸರು ಬರೆಸಿಬಿಟ್ಟನಂತೆ ಭಾಯಿ. ಬೇಜಾರು ಮಾಡ್ಕೋಬೇಡಿ."

"ಬೇಜಾರೇನು? ಒಂದಷ್ಟು ದಿನ ನಮ್ಮ ಕುರ್ಚಿಗೂ ಒಳ್ಳೆ ಹೆಸರು ಬಂತಲ್ಲ." ಆಮೇಲೆ ದನಿ ತಗ್ಗಿಸಿದರು. "ನಿಮ್ಮ ದಬರಿ ನಿಮ್ಮದೇ ಅಂತ ನಾಲ್ಕಾರು ಊರಿನ ಶಾಮಿಯಾನದವರಿಗೆ ಗೊತ್ತು. ನಾನು ಸಾಕ್ಷಿ ಹೇಳ್ತೀನಿ ಅಂತ ನಿಮ್ಮ ವಕೀಲರಿಗೆ ಹೇಳ್ದೆ. ಬೇಡ ಅಂದ್ರು."

ಬೇಡ ಅಂದದ್ದು ಯಾಕೆಂದು ನನಗೆ ಆ ಕ್ಷಣಕ್ಕೇ ಹೊಳೆಯಿತು. ಅವರನ್ನು ಕಟಕಟೆ ಹತ್ತಿಸಿದರೆ ದಬರಿಯ ಬಗ್ಗೆ ಒಂದು ಪ್ರಶ್ನೆ ಕೇಳಿ ಇಳಿಸಲು ಆಗುವುದಿಲ್ಲ. ಎದುರಿನ ವಕೀಲರು ಕುರ್ಚಿ ಯಾರದು ಎಂದೂ ಕೇಳುತ್ತಾರೆ. ಅಮ್ಮನ ನಿಜಕ್ಕಿದ್ದ ಒಬ್ಬರೇ ಹೊರಗಿನ ಸಾಕ್ಷಿ, ಮಾವನ ಸುಳ್ಳಿಗೆ ಅಪಾಯವಾಗಿದ್ದರು. ಆದ್ದರಿಂದ ಅಮ್ಮನ ಅರ್ಜಿಯ ಮಟ್ಟಿಗೆ ಅವರು ಪಡಸಾಲೆಯಲ್ಲೇ ಉಳಿದರು.

ಮಾವ ಮೊದಲು ಸಾಕ್ಷಿ ಹೇಳಿದರು. ಎಲ್ಲಾ ಅಕ್ಕಂದು, ನಾನು ಅಲ್ಲಿ ನೋಡಿಕೊಳ್ಳುವವನು ಅಷ್ಟೇ ಎಂದರು. ಅಕ್ಕನ ಮಾತು ಬಂದಾಗಲೆಲ್ಲ ಭಕ್ತಿಯಿಂದ ಕೈ ಮುಗಿದರು. ಆಮೇಲೆ ಅಮ್ಮನನ್ನು ಕರೆದರು. ವ್ಯಾಪಾರಿಯ ವಕೀಲರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಪಾಟೀಸವಾಲಿಗೆ ಎದ್ದರು.

"ಕುರ್ಚಿಗಳನ್ನ ಎಲ್ಲಿ ತಗೊಂಡ್ರಮ್ಮ?"

"ಬೆಂಗಳೂರಲ್ಲಿ."

"ಬೆಂಗಳೂರಲ್ಲಿ ಎಲ್ಲಿ?"

"ಪೇಟೇಲಿ."

"ಜನರೇಟರು ಡೀಸೆಲ್‌ದೋ ಪೆಟ್ರೋಲ್‌ದೋ?"

"ಅದೆಲ್ಲ ಹುಡುಗ್ರು ನೋಡ್ಕೋತಾರೆ ಸ್ವಾಮಿ."

ಹಿಂದೆ ಕೂತಿದ್ದವರಲ್ಲಿ ಯಾರೋ ನಕ್ಕರು. ವಕೀಲರು ನಗಲಿಲ್ಲ. "ಪಾತ್ರೆಗಳು?"

ಅಮ್ಮನ ದನಿ ಬದಲಾಯಿತು. ದೊಡ್ಡ ದಬರಿಗೆ ಒಂದು ಪಕ್ಕ ತಗ್ಗಿದೆ, ಮುದ್ದೇನಹಳ್ಳಿಯ ಮದುವೆಯಿಂದ ಬರುವಾಗ ಟೆಂಪೋದಿಂದ ಬಿದ್ದದ್ದು. ಸಾರಿನ ಕೊಳದಪ್ಪಲೆಗೆ ಒಂದು ಕಿವಿ ಬೆಸುಗೆ ಹಾಕಿಸಿದೆ. ಬಾಣಲೆ ಜಾಸ್ತಿ ಕಾಯುತ್ತದೆ, ಬೆಂಕಿ ಇಳಿಸಿಯೇ ಎಣ್ಣೆ ಹುಯ್ಯಬೇಕು. ಹೇಳುತ್ತಲೇ ಹೋದಳು. ನನಗೆ ಒಳಗೊಳಗೇ ಚಪ್ಪಾಳೆ ತಟ್ಟುವ ಹಾಗಾಯಿತು. ಇನ್ನೇನು ಬೇಕು ಅಂದುಕೊಂಡೆ.

"ಚೆನ್ನಾಗಿ ಹೇಳಿದ್ರಿ," ಅಂದರು ವಕೀಲರು. "ಬಸ್ ಡ್ರೈವರಿಗೆ ಬಸ್ಸಿನ ಬಗ್ಗೆ ಎಲ್ಲಾ ಗೊತ್ತಿರುತ್ತೆ. ಬ್ರೇಕು ಎಲ್ಲಿ ಹಿಡಿಯುತ್ತೆ, ಗೇರು ಎಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಹಂಗಂತ ಬಸ್ಸು ಡ್ರೈವರದಾ ಅಮ್ಮ?"

ಇಷ್ಟು ಚೊಕ್ಕ ಖಂಡನೆಯನ್ನು ನಾನು ಯಾವ ವೇದಿಕೆಯಲ್ಲೂ ಕೇಳಿರಲಿಲ್ಲ. ಅದು ನಮ್ಮಮ್ಮನ ಮೇಲೆ ಬಿದ್ದಿತ್ತು.

"ಪಾತ್ರೆ ಮೇಲೆ ಕೊರೆಸಿರೋ ಅಕ್ಷರ ಯಾರದು?"

"ತಮ್ಮಂದು."

"ಕುರ್ಚಿ ಮೇಲೆ ಬರೆಸಿರೋದು?"

"ನಂದು."

"ಯಾರ ಅಕ್ಷರ ಇದೆಯೋ ಸಾಮಾನು ಅವರದು ಅಂತೀರಾ? ಹಂಗಾದ್ರೆ ಪಾತ್ರೆ ನಿಮ್ಮ ತಮ್ಮಂದು. ಅಕ್ಷರಕ್ಕೂ ಸಾಮಾನಿಗೂ ಸಂಬಂಧ ಇಲ್ಲ ಅಂತೀರಾ? ಹಂಗಾದ್ರೆ ಕುರ್ಚಿ ನಿಮ್ಮದು ಅನ್ನಕ್ಕೆ ಏನೂ ಉಳೀಲಿಲ್ಲ. ಎರಡರಲ್ಲಿ ಒಂದು ಹೇಳಿ. ಯಾವುದು ನಿಮ್ಮದು?"

ಇದೇ ಗಳಿಗೆ. 'ದಬರಿ ನಂದು, ಕುರ್ಚಿ ತಮ್ಮಂದು' ಅಂದರೆ ಸಾಕಿತ್ತು. ಸ್ವಂತ ತಮ್ಮನ ವಿರುದ್ಧ ಹೇಳಿದ ಮಾತನ್ನು ಯಾವ ಕೋರ್ಟಾದರೂ ನಂಬುತ್ತದೆ. ಅಮ್ಮ ನನ್ನ ಕಡೆ ನೋಡಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ತಮ್ಮನ ಕಡೆ ನೋಡಿದಳು. ಅವರು ತಲೆ ತಗ್ಗಿಸಿ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

"ಎಲ್ಲಾ ನಂದೇ," ಅಂದಳು ಅಮ್ಮ.

ವಕೀಲರು ಕೂತರು. ಇನ್ನು ಕೇಳುವುದು ಏನೂ ಇರಲಿಲ್ಲ.

ಆದೇಶ ಬಂದಾಗ ಶಿಡ್ಲಘಟ್ಟದ ಸಾಹೇಬರ ಅರ್ಜಿ ಮಂಜೂರಾಗಿತ್ತು. ತಮ್ಮದಷ್ಟನ್ನೇ ಕೇಳಿದವರಿಗೆ ತಮ್ಮದಷ್ಟು ಸಿಕ್ಕಿತು. ಅಮ್ಮನ ಅರ್ಜಿ ಪೂರ್ತಿ ವಜಾ. ಸಾಲಗಾರನ ಜೊತೆ ಶಾಮೀಲಾಗಿ ಹಾಕಿದ್ದು ಎಂದು ಕಾರಣ ಕೊಟ್ಟಿದ್ದರು. ಅದನ್ನು ನಾನು ಹತ್ತು ಸಲ ಓದಿ, ತಪ್ಪು ಹುಡುಕಿ ಸೋತಿದ್ದೇನೆ. ಆ ಪೀಠದಲ್ಲಿ ನಾನೇ ಕೂತಿದ್ದರೂ, ಆ ಅರ್ಜಿ, ಆ ಕೆಂಪು ಬಣ್ಣ, ಆ ಉತ್ತರ ನೋಡಿ ಅದನ್ನೇ ಬರೆಯುತ್ತಿದ್ದೆ. ನ್ಯಾಯವಾಗಿಯೇ ತೀರ್ಮಾನವಾಗಿ, ತಪ್ಪು ಜಾಗಕ್ಕೆ ಹೋಗಿ ಸೇರಿದ ಆದೇಶ ಅದು.

ಬಸ್‌ಸ್ಟಾಂಡಿನಲ್ಲಿ ಅಮ್ಮನನ್ನು ಕೇಳಿದೆ, ಯಾಕೆ ಹಾಗಂದೆ ಅಂತ. "ಅವನು ಅಲ್ಲೇ ನಿಂತಿದ್ನಲ್ಲೇ" ಅಂದಳು. ಅದೂ ಒಂದು ವಾದ. ಅದಕ್ಕೆ ಪ್ರತಿವಾದ ನನಗಿನ್ನೂ ಸಿಕ್ಕಿಲ್ಲ.

ಮೇಲಿನ ಕೋರ್ಟಿಗೆ ಹೋಗಬಹುದಿತ್ತು. ನಾನು ಆ ಮಾತು ಎತ್ತುವಷ್ಟರಲ್ಲಿ ಮಾವ ವ್ಯಾಪಾರಿಯ ಜೊತೆ ರಾಜಿಗೆ ಕೂತು ಎದ್ದಿದ್ದರು. ಲಗ್ನಗಳು ಶುರುವಾಗುತ್ತಿದ್ದವು, ಕುರ್ಚಿ ಇಲ್ಲದೆ ಅಂಗಡಿ ಇಲ್ಲ. ಒಪ್ಪಂದ ಹೀಗಾಯಿತು: ಕುರ್ಚಿ, ಕಂಬ, ಜನರೇಟರು ಮಾವನಿಗೆ ವಾಪಸು, ಪಾತ್ರೆಗಳನ್ನು ಮಾರಿ ಬಂದ ದುಡ್ಡು ವ್ಯಾಪಾರಿಗೆ, ಉಳಿದದ್ದು ಕಂತಿನಲ್ಲಿ. ದೇವನಹಳ್ಳಿ ಕಡೆಯ ಅಡುಗೆ ಕಂಟ್ರಾಕ್ಟರೊಬ್ಬ ಬಂದು ದಬರಿಗಳನ್ನು ಬೆರಳಿನಿಂದ ತಟ್ಟಿ ನೋಡಿ ಕೊಂಡು ಹೋದ.

ನಾನು ಅಂಗಡಿಗೆ ಹೋಗಿ ಜಗಳಕ್ಕೆ ನಿಂತೆ. "ಅವು ಅಮ್ಮಂದು ಮಾವ! ನೀವೇ ಕಟಕಟೇಲಿ ನಿಂತು ಹೇಳಿದ್ರಿ."

"ನಾನು ಹೇಳ್ದೆ ಕಣಮ್ಮ. ಕೋರ್ಟು ಒಪ್ಪಲಿಲ್ವಲ್ಲ. ನಿಂದೇ ಅಂತ ನಂಗೇ ಹೇಳಿಬಿಡ್ತು. ನ್ಯಾಯಾಲಯದ ಮಾತು ಮೀರಕ್ಕಾಗುತ್ತಾ?"

ಕೋರ್ಟಿನ ನೋಟಿಸನ್ನು ದೇವರ ಹಿಂದೆ ಸಿಕ್ಕಿಸಿದ ಮನುಷ್ಯನಿಗೆ ನ್ಯಾಯಾಲಯದ ಮೇಲೆ ಇಷ್ಟು ಗೌರವ ಹುಟ್ಟಿತ್ತು.

ವ್ಯಾಪಾರ ಚೇತರಿಸಿಕೊಂಡ ಮೇಲೆ ಮಾವ ಹೊಸ ಪಾತ್ರೆಗಳನ್ನು ತಂದರು. ಅಮ್ಮ ಈಗ ಅವುಗಳಲ್ಲೇ ಅಡುಗೆ ಮಾಡುತ್ತಾಳೆ, ಬಾಡಿಗೆ ಕೊಟ್ಟು. ಅಕ್ಕ ಎಂದು ಅರ್ಧ ಬಾಡಿಗೆ ತೆಗೆದುಕೊಳ್ಳುತ್ತಾರೆ; ಅದನ್ನೂ ನಾಲ್ಕು ಜನರ ಮುಂದೆ ಹೇಳುತ್ತಾರೆ. ಹೊಸ ಪಾತ್ರೆಗಳ ಕಂಠಕ್ಕೆ ಅಮ್ಮನ ಹೆಸರಿನ ಅಕ್ಷರವನ್ನೇ ಕೊರೆಸಿದ್ದಾರೆ. ಪ್ರೀತಿಗೆ ಎಂದು ಅಮ್ಮ ಅನ್ನುತ್ತಾಳೆ. ಮುಂದಿನ ಅಮೀನರಿಗೆ ಎಂದು ನಾನು.

ಹೋದ ತಿಂಗಳು ತೊಂಡೇಬಾವಿಯಲ್ಲಿ ಒಂದು ಮದುವೆ. ಚಪ್ಪರ ಮಾವನದು, ಅಡುಗೆ ಅಮ್ಮನದು, ಬಡಿಸುವುದಕ್ಕೆ ರಜೆ ಹಾಕಿ ನಾನೂ ಹೋಗಿದ್ದೆ. ಮೊದಲ ಪಂಕ್ತಿ ಎದ್ದ ಮೇಲೆ ಮಾವ ಗಂಡಿನ ಕಡೆಯವರ ನಡುವೆ ಕೂತು ಕತೆ ಶುರು ಮಾಡಿದರು. ಅಮೀನ, ಸಿಂಹಿಣಿ, ಎಲ್ಲ ಆಯಿತು. ನಾನು ನೀರಿನ ಜಗ್ಗು ಹಿಡಿದು ಹಾದುಹೋಗುತ್ತಿದ್ದೆ. ಆಗ ನಾನು ಯಾವತ್ತೂ ಕೇಳಿರದ ಒಂದು ಸಾಲು ಬಂತು.

"ರಾಜಿ ಕಾಗದಕ್ಕೆ ಸಹಿ ಹಾಕೋ ಮುಂಚೆ ನಮ್ಮಕ್ಕನ ಮನೆಗೆ ಹೋದೆ. ನಾನು ಬಾಯಿ ಬಿಡಕ್ಕೂ ಇಲ್ಲ, ಅವಳೇ ಅಂದ್ಲು: ದಬರಿ ಹೋದ್ರೆ ಹೋಗ್ಲಿ ಕಣೋ, ನಿನ್ನ ಅಂಗಡಿ ಉಳಿಸ್ಕೋ ಅಂತ. ಕಣ್ಣಲ್ಲಿ ನೀರು ಬಂದ್ಬಿಡ್ತು ನಂಗೆ."

ಗಂಡಿನ ಕಡೆಯ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಜಗ್ಗನ್ನು ಹಾಸಿದ್ದ ಎಲೆಯೊಂದರ ಪಕ್ಕ ಇಟ್ಟು ಒಲೆಯ ಕಡೆ ಹೋದೆ. ಎರಡನೇ ಪಂಕ್ತಿಗೆ ಮುದ್ದೆ ಆಗುತ್ತಿತ್ತು. ಅಮ್ಮ ದಬರಿಗೆ ಕವೆಗೋಲು ಹಾಕಿ ಎರಡೂ ಕಾಲಿನಿಂದ ಒತ್ತಿ ಹಿಡಿದು ಕೋಲಿನಿಂದ ಹಿಟ್ಟು ತಿರುವುತ್ತಿದ್ದಳು. ಚಪ್ಪರದ ಬಟ್ಟೆಯ ಆಚೆಯಿಂದ ಮಾವನ ಮಾತು ಅಲ್ಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವಳಿಗೂ ಕೇಳಿರಲೇಬೇಕು.

ಮಾವ ಬಂದಿದ್ದು ಹೌದು ಅಂದರೆ ಅವಳಾಗಿಯೇ ಕೊಟ್ಟಳು. ಇಲ್ಲ ಅಂದರೆ ಮಾವ ತೆಗೆದುಕೊಂಡರು. ಯಾವುದಾದರೂ ಸರಿ, ನನಗೆ ಒಂದು ಉತ್ತರ ಬೇಕಿತ್ತು.

"ಅಮ್ಮ, ರಾಜಿಗೆ ಮುಂಚೆ, ನಾನು ಡ್ಯೂಟಿಗೆ ಹೋಗಿದ್ದಾಗ ಮಾವ ಮನೆಗೆ ಬಂದಿದ್ರಾ?"

ಕೋಲು ನಿಲ್ಲಲಿಲ್ಲ. "ಹಿಟ್ಟು ಗಂಟಾಗುತ್ತೆ, ಪಕ್ಕಕ್ಕೆ ಹೋಗೇ" ಅಂದಳು.

ನಾನು ಪಕ್ಕಕ್ಕೆ ಹೋಗಲಿಲ್ಲ. ಬಾಗಿ, ಅವಳ ಮುಖ ಕಾಣುವ ಹಾಗೆ ಎದುರಿಗೆ ಕೂತೆ.

"ದಬರಿ ಮಾರಕ್ಕೆ ಮುಂಚೆ, ಒಂದ್ಸಲನಾದ್ರೂ, ಮಾವ ನಿನ್ನ ಕೇಳಿದ್ರಾ ಅಮ್ಮ?"